ಪಂಪಿನ ಬೆಲೆ, ಗಾಡಿಯ ಬೆಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಬ್ರೇಕು, ಗೇರು, ಟೈರುಗಳ ಸುದ್ದಿ ಕಡಿಮೆ. ಎಲ್ಲರಿಗೂ ಬೆಲೆಯದೇ ಚಿಂತೆ. ಕೊಳ್ಳುವವರಿಗೆ ಹೆಚ್ಚಾಯಿತು, ಮಾರುವವರಿಗೆ ಕಡಿಮೆಯಾಯಿತು. ಹುಬ್ಬಳ್ಳಿಯಲ್ಲಿ ಬ್ಯಾಂಕು ಮತ್ತು ವಿಮೆಯವರಿಗಾಗಿ ವಾಹನಗಳ ಮೌಲ್ಯ ಕಟ್ಟುತ್ತಿದ್ದ ಕಾಲದಲ್ಲಿ ನಾನು ಬರೆದ ಮೊತ್ತಕ್ಕೆ ಮಾಲೀಕರು ಮುಖ ಗಂಟಿಕ್ಕುತ್ತಿದ್ದರು, ಬ್ಯಾಂಕಿನವರು ಹುಬ್ಬೇರಿಸುತ್ತಿದ್ದರು. ಇಬ್ಬರಿಗೂ ಅಸಮಾಧಾನವಾದರೆ ಮೊತ್ತ ಸರಿಯಾಗಿದೆ ಎಂದು ಸಹಿ ಹಾಕುತ್ತಿದ್ದೆ. ಇಲ್ಲಿನ ಉತ್ತರಗಳನ್ನೂ ಅದೇ ಕಣ್ಣಿನಿಂದ ಓದಿ.

ನನ್ನದು 2012ರ ಕೊನೆಯಲ್ಲಿ ಕೊಂಡ ಡೀಸೆಲ್ ಸ್ವಿಫ್ಟ್. ತಿಂಗಳುಗಟ್ಟಲೆ ಕಾದು, ಪೆಟ್ರೋಲ್ ಕಾರಿಗಿಂತ ಲಕ್ಷ ರೂಪಾಯಿ ಹೆಚ್ಚು ಕೊಟ್ಟು ತಂದೆ. ಈಗ ಮಾರಲು ಹೋದರೆ ಅದೇ ವರ್ಷದ ಪೆಟ್ರೋಲ್ ಕಾರಿಗಿಂತ ಕಡಿಮೆ ಕೇಳುತ್ತಿದ್ದಾರೆ. ಡೀಸೆಲ್ ಇವತ್ತಿಗೂ ಪೆಟ್ರೋಲ್‌ಗಿಂತ ಅಗ್ಗವಲ್ಲವೇ? ಇದು ಮೋಸವೇ? ತಿಂಗಳಿಗೆ 400 ಕಿಲೋಮೀಟರ್ ಓಡಿಸುತ್ತೇನೆ.
— ಉಪನ್ಯಾಸಕರು, ದಾವಣಗೆರೆ

ಮೋಸವಲ್ಲ. ನೀವು 2012ರಲ್ಲಿ ಕೊಟ್ಟ ಆ ಹೆಚ್ಚುವರಿ ಲಕ್ಷ ರೂಪಾಯಿ ಕಾರಿನ ತಗಡಿಗೋ ಎಂಜಿನ್‌ಗೋ ಮಾತ್ರ ಸಂದದ್ದಲ್ಲ. ಎರಡು ಇಂಧನಗಳ ನಡುವೆ ಆಗ ಇದ್ದ ಅಂತರಕ್ಕೂ ಸೇರಿಸಿ ಕೊಟ್ಟಿರಿ. ಅಂತರ ಕರಗಿತು, ಹಣವೂ ಕರಗಿತು.

ಆ ದಿನಗಳನ್ನು ನೆನಪಿಸಿಕೊಳ್ಳಿ. ಪೆಟ್ರೋಲ್ ಬೆಲೆಯನ್ನು ಸರ್ಕಾರ 2010ರ ಜೂನ್‌ನಲ್ಲೇ ತನ್ನ ಹಿಡಿತದಿಂದ ಬಿಟ್ಟಿತ್ತು, ಡೀಸೆಲ್ ಅನ್ನು ಬಿಟ್ಟಿರಲಿಲ್ಲ. ಟ್ರ್ಯಾಕ್ಟರು, ಲಾರಿ, ಬಸ್ಸು, ಪಂಪ್‌ಸೆಟ್‌ಗಳ ಹೆಸರಿನಲ್ಲಿ ಡೀಸೆಲ್ ಅಗ್ಗವಾಗಿತ್ತು, ಅವುಗಳ ಹಿಂದೆಯೇ ನಮ್ಮಂಥವರ ಕಾರುಗಳೂ ಸಾಲಿನಲ್ಲಿ ನಿಂತವು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. ರೈತನ ಹೆಸರಿನ ಸಬ್ಸಿಡಿಯನ್ನು ಕಾರಿನವರು ಕುಡಿಯುತ್ತಿದ್ದಾರೆಂದು ಸರ್ಕಾರವೇ ನೇಮಿಸಿದ್ದ ಕಿರೀಟ್ ಪಾರಿಖ್ ಸಮಿತಿ 2010ರಲ್ಲೇ ಗುರುತಿಸಿ, ಡೀಸೆಲ್ ಕಾರಿನ ಮೇಲೆ 80 ಸಾವಿರ ರೂಪಾಯಿ ಹೆಚ್ಚುವರಿ ಅಬಕಾರಿ ಸುಂಕ ಹಾಕಿ ಎಂದಿತ್ತು. ಯಾರೂ ಹಾಕಲಿಲ್ಲ. ಪರಿಣಾಮವಾಗಿ 2012–13ರಲ್ಲಿ ದೇಶದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್.

ಎಲ್ಲರಿಗೂ ಬೇಕಾದದ್ದು ಒಂದೇ ಎಂಜಿನ್. ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಯಾವುದರ ಬಾನೆಟ್ ಎತ್ತಿದರೂ ಅದೇ. ಮಾರುತಿಯ ಮಾನೇಸರ್ ಕಾರ್ಖಾನೆಯಲ್ಲಿ 2011ರ ಮುಷ್ಕರ, 2012ರ ಜುಲೈನ ಗಲಭೆ ಮತ್ತು ಬೀಗಮುದ್ರೆ ಬೇರೆ. ಹೀಗಾಗಿ ನೀವು ಕಾದಿರಿ. ಅದೇ ಹೊತ್ತಿಗೆ ಅದೇ ಶೋರೂಮಿನ ಇನ್ನೊಂದು ಮೂಲೆಯಲ್ಲಿ ಪೆಟ್ರೋಲ್ ಕಾರುಗಳು ಧೂಳು ಹಿಡಿದು ನಿಂತಿದ್ದವು. ಅವುಗಳಿಗೆ ರಿಯಾಯಿತಿ, ಉಚಿತ ವಿಮೆ, ಎಕ್ಸ್‌ಚೇಂಜ್ ಬೋನಸ್. ಇಲ್ಲೊಂದು ಸಂಗತಿ ಗಮನಿಸಿ: ಮುದ್ರಿತ ಬೆಲೆಪಟ್ಟಿ ಎರಡರದ್ದೂ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಕಂಪನಿ ಬೆಲೆಪಟ್ಟಿಯನ್ನು ದಿನಾ ತಿದ್ದುವುದಿಲ್ಲ. ಬೇಡಿಕೆ ಏರಿದರೆ ಕಾಯುವ ದಿನ ಏರುತ್ತದೆ, ಬೇಡಿಕೆ ಬಿದ್ದರೆ ರಿಯಾಯಿತಿ ಏರುತ್ತದೆ. ನಿಜವಾದ ಬೆಲೆ ಈ ಎರಡರಲ್ಲಿ ಅಡಗಿರುತ್ತದೆ.

ಆಮೇಲೆ ಏನಾಯಿತು? 2013ರ ಜನವರಿಯಿಂದ ಡೀಸೆಲ್ ಬೆಲೆಯನ್ನು ತಿಂಗಳಿಗೆ 50 ಪೈಸೆಯಂತೆ ಏರಿಸುತ್ತಾ ಹೋದರು. 2014ರ ಅಕ್ಟೋಬರ್‌ನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಟ್ಟರು. 2020ರ ಏಪ್ರಿಲ್‌ನಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್–6 ನಿಯಮ ಬಂತು, ಡೀಸೆಲ್ ಎಂಜಿನ್‌ನ ಹೊಗೆ ಶುದ್ಧಮಾಡುವ ಸಲಕರಣೆಯ ಖರ್ಚು ಏರಿತು, ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಆ ವರ್ಷ ಜೂನ್‌ನಲ್ಲಂತೂ ದೆಹಲಿಯಲ್ಲಿ ಡೀಸೆಲ್ ಬೆಲೆ ಪೆಟ್ರೋಲ್ ಅನ್ನೇ ಮೀರಿತು. ನಮ್ಮಲ್ಲಿ 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 21.17ಕ್ಕೆ ಏರಿ, ಬೆಂಗಳೂರಿನಲ್ಲಿ ಲೀಟರಿಗೆ 91 ರೂಪಾಯಿಯಾಯಿತು. ಪೆಟ್ರೋಲ್ 103ರ ಹತ್ತಿರ. ಅಂತರ 12 ರೂಪಾಯಿ.

ಲೆಕ್ಕ ಹಾಕೋಣ. ಪೆಟ್ರೋಲ್ ಕಾರು ಲೀಟರಿಗೆ 14 ಕಿಲೋಮೀಟರ್, ಡೀಸೆಲ್ ಕಾರು 18 ಎಂದು ಇಟ್ಟುಕೊಳ್ಳಿ. (ಜಾಹೀರಾತಿನ ಮೈಲೇಜ್ ಬೇಡ, ರಸ್ತೆಯ ಮೈಲೇಜ್ ಸಾಕು.) 2012ರ ದೆಹಲಿ ಬೆಲೆಯಲ್ಲಿ ಕಿಲೋಮೀಟರಿಗೆ 5 ರೂಪಾಯಿ 20 ಪೈಸೆ ಎದುರು 2 ರೂಪಾಯಿ 30 ಪೈಸೆ. ಹೆಚ್ಚು ಕೊಟ್ಟ ಒಂದು ಲಕ್ಷ ರೂಪಾಯಿ ಸುಮಾರು 34 ಸಾವಿರ ಕಿಲೋಮೀಟರಿಗೆ ಹಿಂದಿರುಗುತ್ತಿತ್ತು. 2025ರ ಬೆಲೆಯಲ್ಲಿ ಕಿಲೋಮೀಟರಿಗೆ ಉಳಿಯುವುದು 2 ರೂಪಾಯಿ 30 ಪೈಸೆ ಮಾತ್ರ. ಹೊಸ ಡೀಸೆಲ್ ಕಾರಿಗೆ ಒಂದೂವರೆ ಲಕ್ಷ ಹೆಚ್ಚು ಕೊಟ್ಟರೆ ಅದು ಹಿಂದಿರುಗಲು 65 ಸಾವಿರ ಕಿಲೋಮೀಟರ್ ಓಡಬೇಕು. ನಿಮ್ಮ ಓಟಕ್ಕೆ ಅದು ಹದಿಮೂರೂವರೆ ವರ್ಷದ ಮಾತು. ಹೊಸ ಡೀಸೆಲ್ ಕಾರು ಕೊಳ್ಳುವವರು ಐದರಲ್ಲಿ ಒಬ್ಬರಿಗಿಂತ ಕಡಿಮೆಯಾದದ್ದು ಹೀಗೆ. ನಿಮ್ಮ ಹಳೆಯ ಕಾರು ನೋಡಲು ಬರುವವನೂ ಇದೇ ಲೆಕ್ಕ ಹಾಕುತ್ತಾನೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಜೊತೆಗೆ ಭಯ. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು ಬಂದಿದ್ದ ಆದೇಶ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಆದರೆ ಸುದ್ದಿ ಎಲ್ಲ ಕಡೆಗೂ ಅನ್ವಯಿಸುತ್ತದೆ. ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಹಿಡಿದು ದಕ್ಷಿಣಕ್ಕೆ ಬರುವ ಡೀಸೆಲ್ ಗಾಡಿಗಳು ಇಲ್ಲಿನ ಬೆಲೆಯನ್ನು ಇನ್ನಷ್ಟು ಒತ್ತುತ್ತವೆ. ನಿಮ್ಮ ಕಾರಿಗೆ 2027ರಲ್ಲಿ 15 ವರ್ಷ ತುಂಬುತ್ತದೆ, ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ. ಹಣ ದೊಡ್ಡದಲ್ಲ, ಆರ್‌ಟಿಒ ಅಲೆದಾಟ ನೆನೆದೇ ಗಿರಾಕಿ ಹಿಂಜರಿಯುತ್ತಾನೆ.

ನನ್ನ ಸಲಹೆ: ಟರ್ಬೊ, ಇಂಜೆಕ್ಟರ್ ಚೆನ್ನಾಗಿದ್ದರೆ ಇಟ್ಟುಕೊಳ್ಳಿ. ಆ ಕಾರಿನ ಬೆಲೆಯಲ್ಲಿ ಬೀಳಬೇಕಾದುದೆಲ್ಲ ಬಿದ್ದಾಗಿದೆ. ಇಂಜೆಕ್ಟರ್‌ಗಳು ಬದಲಾಗಬೇಕು ಎಂದು ಮೆಕ್ಯಾನಿಕ್ ಹೇಳಿದ ವಾರವೇ ಮಾರಿಬಿಡಿ. ಕೊಳ್ಳುವವನಿಗೆ ಅದನ್ನು ತಿಳಿಸಿಯೇ ಮಾರಿ.

ಬಾಡಿಗೆ ಓಡಿಸಲು ಹಳೆಯ ಇನ್ನೋವಾ ಕ್ರಿಸ್ಟಾ ಹುಡುಕುತ್ತಿದ್ದೇನೆ. ಎರಡು ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಗಾಡಿಗೂ ಹೊಸದರ ಅರ್ಧಕ್ಕಿಂತ ಹೆಚ್ಚು ಬೆಲೆ ಹೇಳುತ್ತಾರೆ. ಡೀಸೆಲ್ ಗಾಡಿಗಳ ಬೆಲೆ ಬಿದ್ದಿದೆ ಎಂದು ಎಲ್ಲರೂ ಹೇಳುತ್ತಾರಲ್ಲ?
— ಟ್ಯಾಕ್ಸಿ ಚಾಲಕರು, ಕಲಬುರಗಿ

ಮೇಲಿನ ಉಪನ್ಯಾಸಕರ ಪತ್ರದ ಪಕ್ಕದಲ್ಲೇ ನಿಮ್ಮದನ್ನು ಇಟ್ಟಿರುವುದು ಉದ್ದೇಶಪೂರ್ವಕ. ಇಂಧನ ಒಂದೇ, ಗಿರಾಕಿ ಬೇರೆ.

ನೀವು ತಿಂಗಳಿಗೆ 5,000 ಕಿಲೋಮೀಟರ್ ಓಡಿಸುತ್ತೀರಿ ಎಂದುಕೊಳ್ಳೋಣ. ಅಷ್ಟೇ ದೊಡ್ಡ ಪೆಟ್ರೋಲ್ ಗಾಡಿ ಲೀಟರಿಗೆ 10 ಕಿಲೋಮೀಟರ್, ಡೀಸೆಲ್ ಗಾಡಿ 13 ಕೊಟ್ಟರೆ, ಮೇಲೆ ಹೇಳಿದ 2025ರ ಬೆಲೆಯಲ್ಲಿ ಕಿಲೋಮೀಟರಿಗೆ 3 ರೂಪಾಯಿ 30 ಪೈಸೆ ಉಳಿಯುತ್ತದೆ. ತಿಂಗಳಿಗೆ ಹದಿನಾರೂವರೆ ಸಾವಿರ. ಅದು ಸಾಲದ ಕಂತಿನ ಹಣ. ಕಾರು ಮಾರುವವನಿಗೆ ನಿಮ್ಮ ಈ ಉಳಿತಾಯ ನಿಮಗಿಂತ ಚೆನ್ನಾಗಿ ಗೊತ್ತು. ಮುಂದೆ ನಿಮಗೆ ಉಳಿಯಲಿರುವ ಹಣದಲ್ಲಿ ಒಂದು ಪಾಲನ್ನು ಅವನು ಇವತ್ತೇ ಬೆಲೆಯೊಳಗೆ ಸೇರಿಸಿ ಕೇಳುತ್ತಾನೆ. ಮೈಲೇಜ್ ಹೆಚ್ಚಿರುವ ಯಾವ ಗಾಡಿಯೂ ಅಗ್ಗಕ್ಕೆ ಸಿಗದಿರುವ ರಹಸ್ಯ ಇದೇ. ಮೈಲೇಜ್‌ನ ಲಾಭವನ್ನು ಕೊಳ್ಳುವವ ಮತ್ತು ಮಾರುವವ ಹಂಚಿಕೊಳ್ಳುತ್ತಾರೆ. ಯಾರಿಗೆ ಎಷ್ಟು ಎಂಬುದು ಮಾತ್ರ ಚೌಕಾಸಿ.

ಪೂರೈಕೆಯ ಮಾತೂ ಇದೆ. ಟೊಯೊಟಾದ ಬಿಡದಿ ಕಾರ್ಖಾನೆಯಿಂದ 2005ರಲ್ಲಿ ಕ್ವಾಲಿಸ್ ಜಾಗಕ್ಕೆ ಇನ್ನೋವಾ ಬಂತು, 2016ರಲ್ಲಿ ಕ್ರಿಸ್ಟಾ. 2022ರ ಕೊನೆಗೆ ಬಂದ ಹೈಕ್ರಾಸ್‌ನಲ್ಲಿ ಡೀಸೆಲ್ ಎಂಜಿನ್ ಇಲ್ಲ. ಕ್ರಿಸ್ಟಾದ ಡೀಸೆಲ್ ಬುಕಿಂಗ್ ಕೆಲವು ತಿಂಗಳು ನಿಂತು, 2023ರಲ್ಲಿ ಮತ್ತೆ ಬಂದಾಗ ಡೀಸೆಲ್ ಮತ್ತು ಮ್ಯಾನುಯಲ್ ಗೇರ್ ಮಾತ್ರ ಉಳಿದಿತ್ತು. ‘ಮುಂದೆ ಸಿಗದೇ ಹೋದರೆ?’ ಎಂಬ ಅನುಮಾನ ಹಳೆಯ ಗಾಡಿಯ ಬೆಲೆಗೆ ಎಷ್ಟು ಸೇರಿಸುತ್ತದೆ ಎಂಬುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಎರಡು ಲಕ್ಷ ಎಂದು ತೋರಿಸುವ ಓಡೋಮೀಟರನ್ನು ನಂಬಬೇಡಿ. ಹಳದಿ ಫಲಕದ ಗಾಡಿಯಾದರೆ ಸರ್ವಿಸ್ ದಾಖಲೆ, ಎಫ್‌ಸಿ (ವಾಹನದ ಅರ್ಹತಾ ಪ್ರಮಾಣಪತ್ರ) ಕಾಗದಗಳ ದಿನಾಂಕ, ಕ್ಲಚ್ ಪೆಡಲಿನ ರಬ್ಬರು, ಚಾಲಕನ ಸೀಟಿನ ಅಂಚು, ಇವನ್ನು ನೋಡಿ. ಮೀಟರ್ ತಿರುಗಿಸುವವರು ಪೆಡಲಿನ ರಬ್ಬರ್ ಬದಲಿಸಲು ಮರೆಯುತ್ತಾರೆ. ಹಾಗೆಯೇ, ಹಳೆಯ ಗಾಡಿಗೆ ಹೊಸ ರಬ್ಬರ್ ಇದ್ದರೆ ಅದೂ ಒಂದು ಸುಳಿವು.

ಕಚ್ಚಾ ತೈಲ ಇಳಿಯುತ್ತಿದೆ ಎಂದು ಓದಿದೆ. ಕಾರಿನ ಬೆಲೆಯೂ ಇಳಿಯುವವರೆಗೆ ಕಾಯಲೇ?
— ಅಡಿಕೆ ಬೆಳೆಗಾರರು, ಶಿರಸಿ

ಕಾಯಬೇಡಿ. ಕಚ್ಚಾ ತೈಲಕ್ಕೂ ನಿಮ್ಮ ಪಂಪಿಗೂ ನಡುವೆ ಎರಡು ಸರ್ಕಾರಗಳು ಕುಳಿತಿವೆ. 2020ರ ಏಪ್ರಿಲ್ 20ರಂದು ಅಮೆರಿಕದಲ್ಲಿ ತೈಲದ ವಾಯಿದಾ ಬೆಲೆ (ಮುಂದೆ ಪಡೆಯುವ ತೈಲಕ್ಕೆ ಈಗಲೇ ಕುದುರುವ ಬೆಲೆ) ಸೊನ್ನೆಗಿಂತ ಕೆಳಗಿಳಿದು ಬ್ಯಾರೆಲ್‌ಗೆ ಮೈನಸ್ 37 ಡಾಲರ್ ಆಯಿತು. ನಮ್ಮಲ್ಲಿ ಏನಾಯಿತು? ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ 10, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿತು. ಇಳಿದದ್ದು ಖಜಾನೆಗೆ ಹೋಯಿತು. ಪಂಪಿನಲ್ಲೇ ಇಳಿಯದ್ದು ಶೋರೂಮಿನಲ್ಲಿ ಇಳಿಯುವುದೆಲ್ಲಿಂದ?

ಹೊಸ ವಾಹನದ ಬೆಲೆ ನಿಜಕ್ಕೂ ಇಳಿಯುವುದು ತೆರಿಗೆ ಇಳಿದಾಗ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28 ಮತ್ತು ಸೆಸ್‌ನಿಂದ ಶೇ 18ಕ್ಕೆ ಬಂತು. ರಾಜ್ಯದ ಆಜೀವ ತೆರಿಗೆಯೂ ಕಾರಿನ ಬೆಲೆಯ ಮೇಲಿನ ಶೇಕಡಾವಾರು ಲೆಕ್ಕವಾದ್ದರಿಂದ ಆ ಬಾಬ್ತೂ ತಕ್ಕಮಟ್ಟಿಗೆ ತಗ್ಗಿತು. ಆಮೇಲೆ, ನಿಯಮ ಬದಲಾಗಿ ದಾಸ್ತಾನು ಉಳಿದಾಗ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಬಿಎಸ್–3 ವಾಹನ ಮಾರುವಂತಿಲ್ಲ ಎಂದಿತು. ಉಳಿದ ಎರಡು ದಿನ ದ್ವಿಚಕ್ರ ವಾಹನಗಳ ಶೋರೂಮುಗಳ ಮುಂದೆ ಜಾತ್ರೆ. ಸಾವಿರಾರು ರೂಪಾಯಿ ರಿಯಾಯಿತಿಗೆ ಬೈಕುಗಳು ಹೋದವು. ಆ ಎರಡು ದಿನ ಪೆಟ್ರೋಲ್ ಬೆಲೆ ಎಷ್ಟಿತ್ತೆಂದು ಯಾರೂ ಕೇಳಲಿಲ್ಲ.

ನಿಮ್ಮ ಊರಿಗೆ ಇನ್ನೊಂದು ಸೂಚಕ ಇದೆ, ನಿಮಗೇ ಗೊತ್ತಿರುವುದು. ಶಿರಸಿ, ಸಾಗರ, ಚನ್ನಗಿರಿಗಳಲ್ಲಿ ಜೀಪು, ಪಿಕಪ್‌ಗಳ ಬೆಲೆ ಬ್ಯಾರೆಲ್ ನೋಡಿ ಏರುವುದಿಲ್ಲ, ಅಡಿಕೆ ಧಾರಣೆ ನೋಡಿ ಏರುತ್ತದೆ. ರಾಶಿ ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮಲೆನಾಡಿನಲ್ಲಿ ಹಳೆಯ ಬೊಲೆರೋ ಮುಟ್ಟುವಂತಿರಲಿಲ್ಲ. ನೀವು ಅಡಿಕೆ ಮಾರಿದ ವಾರ ಕಾರು ಕೊಳ್ಳಬೇಡಿ. ಊರಿಗೆ ಊರೇ ಅದೇ ವಾರ ಹೊರಟಿರುತ್ತದೆ.

1970ರ ದಶಕದಲ್ಲಿ ನನ್ನ ಅಣ್ಣ ಎರಡು ವರ್ಷ ಓಡಿಸಿದ ಬಜಾಜ್ ಸ್ಕೂಟರನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಿದ್ದ. ಮೊಮ್ಮಗ ನಂಬುತ್ತಿಲ್ಲ. ನೀವಾದರೂ ಹೇಳಿ.
— ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ

ಮೊಮ್ಮಗನಿಗೆ ಹೇಳಿ: ಅಣ್ಣ ಮಾರಿದ್ದು ಸ್ಕೂಟರನ್ನಲ್ಲ, ಕಾಯುವ ವರ್ಷಗಳನ್ನು. ಎಷ್ಟು ಸ್ಕೂಟರ್ ತಯಾರಿಸಬಹುದೆಂದು ಸರ್ಕಾರ ಲೈಸೆನ್ಸ್‌ನಲ್ಲಿ ಬರೆದುಕೊಡುತ್ತಿದ್ದ ಕಾಲ ಅದು. ಬುಕ್ ಮಾಡಿದವರು ಹತ್ತು ವರ್ಷ ಕಾದದ್ದೂ ಉಂಟು. ಮಗಳ ಮದುವೆಗೆಂದು ಬುಕ್ ಮಾಡಿದ ಸ್ಕೂಟರ್ ಮೊಮ್ಮಗಳ ನಾಮಕರಣಕ್ಕೆ ಬಂತು ಎಂದು ಹಾಸ್ಯ ಮಾಡುತ್ತಿದ್ದರು. 1973ರಲ್ಲಿ ಅರಬ್ ದೇಶಗಳು ತೈಲ ಬಿಗಿಹಿಡಿದ ಮೇಲೆ ನಮ್ಮ ಸರ್ಕಾರ ಪೆಟ್ರೋಲ್ ಬೆಲೆ ಏರಿಸಿದಾಗ, ಅದನ್ನು ಪ್ರತಿಭಟಿಸಿ ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋಗಿದ್ದರು. ಆದರೂ ಹಳೆಯ ಸ್ಕೂಟರಿನ ಬೆಲೆ ಕುಸಿಯಲಿಲ್ಲ. ಪೂರೈಕೆಯ ಕತ್ತು ಅಷ್ಟು ಬಿಗಿಯಾಗಿದ್ದಾಗ ಇಂಧನದ ಬೆಲೆಗೆ ಮಾತನಾಡುವ ಅವಕಾಶವೇ ಇರುವುದಿಲ್ಲ.

ಮೊಮ್ಮಗ 2021–22 ನೋಡಿದ್ದಾನಲ್ಲ? ಚಿಪ್ ಕೊರತೆಯಿಂದ ಹೊಸ ಕಾರಿಗೆ, ಎಕ್ಸ್‌ಯುವಿ 700ರಂಥದ್ದಕ್ಕೆ ವರ್ಷಕ್ಕಿಂತ ಹೆಚ್ಚು ಕಾಯಬೇಕಾಗಿ ಬಂದಾಗ ಹಳೆಯ ಕಾರುಗಳ ಬೆಲೆಯೂ ಬೆನ್ನು ನೆಟ್ಟಗೆ ಮಾಡಿತ್ತು. ಅದು ಅವನ ಕಾಲದ ಬಜಾಜ್.

ಮೂರು ವರ್ಷದ ಎಲೆಕ್ಟ್ರಿಕ್ ಕಾರನ್ನು ಮಾರಲು ಹೊರಟರೆ ಕೊಂಡ ಬೆಲೆಯ ಅರ್ಧವೂ ಬರುತ್ತಿಲ್ಲ. ಪೆಟ್ರೋಲ್ ನೂರು ದಾಟಿರುವಾಗ ಇದರ ಬೆಲೆ ಏರಬೇಕಿತ್ತಲ್ಲವೇ?
— ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ನಿಮ್ಮ ತರ್ಕ ಸರಿ. ಕಲಬುರಗಿಯ ಚಾಲಕರಿಗೆ ಹೇಳಿದಂತೆ ಉಳಿತಾಯ ಬೆಲೆಯೊಳಗೆ ಸೇರಬೇಕು. ಮನೆಯಲ್ಲಿ ಚಾರ್ಜ್ ಮಾಡಿದರೆ ನಿಮ್ಮ ಕಾರಿಗೆ ಕಿಲೋಮೀಟರಿಗೆ ಒಂದು ರೂಪಾಯಿ ಆಸುಪಾಸು, ಪೆಟ್ರೋಲ್ ಕಾರಿಗೆ ಏಳು. ಇಷ್ಟು ದೊಡ್ಡ ಅಂತರ ಡೀಸೆಲ್‌ನ ಸುವರ್ಣಕಾಲದಲ್ಲೂ ಇರಲಿಲ್ಲ. ಹಾಗಿದ್ದೂ ಬೆಲೆ ನಿಲ್ಲದಿರಲು ಕಾರಣ ಪಂಪಿನಲ್ಲಿಲ್ಲ, ಶೋರೂಮಿನಲ್ಲಿದೆ.

ಹಳೆಯ ಕಾರಿನ ಬೆಲೆಗೆ ಮೇಲ್ಮಿತಿ ಹಾಕುವುದು ಇಂದಿನ ಹೊಸ ಕಾರಿನ ಬೆಲೆ. ನೀವು ಅಂದು ಎಷ್ಟು ಕೊಟ್ಟಿರಿ ಎಂಬುದು ಯಾರಿಗೂ ಬೇಡ. 2024ರ ಫೆಬ್ರುವರಿಯಲ್ಲಿ ಟಾಟಾ ತನ್ನ ನೆಕ್ಸಾನ್ ಇವಿ ಬೆಲೆಯನ್ನು 1.2 ಲಕ್ಷ ರೂಪಾಯಿವರೆಗೆ, ಟಿಯಾಗೊ ಇವಿ ಬೆಲೆಯನ್ನು 70 ಸಾವಿರದವರೆಗೆ ಇಳಿಸಿತು. ಆ ಬೆಳಿಗ್ಗೆ ರಸ್ತೆಯಲ್ಲಿದ್ದ ಅದೇ ಮಾದರಿಯ ಪ್ರತಿಯೊಂದು ಕಾರೂ ಒಂದು ಮೀಟರ್ ಓಡದೆಯೇ ಬೆಲೆ ಕಳೆದುಕೊಂಡಿತು. ಬ್ಯಾಟರಿ ಅಗ್ಗವಾಗುತ್ತಿರುವುದೇ ಮೂಲ. 2022ರಲ್ಲಿ ಕಿಲೋವ್ಯಾಟ್ ಗಂಟೆಗೆ 150 ಡಾಲರ್ ದಾಟಿದ್ದ ಬ್ಯಾಟರಿ ಪ್ಯಾಕ್‌ನ ಜಾಗತಿಕ ಸರಾಸರಿ ಬೆಲೆ 2024ರಲ್ಲಿ 115 ಡಾಲರಿಗೆ ಇಳಿಯಿತು. ಕೊಳ್ಳುವವರಿಗೆ ಇದು ಹಬ್ಬ. ಈಗಾಗಲೇ ಕೊಂಡವರಿಗಲ್ಲ.

ಎರಡನೆಯ ಪೆಟ್ಟು 2025ರ ಸೆಪ್ಟೆಂಬರ್‌ನದು, ಇದನ್ನು ಕಡಿಮೆ ಜನ ಗಮನಿಸಿದ್ದಾರೆ. ಎಲೆಕ್ಟ್ರಿಕ್ ವಾಹನದ ಜಿಎಸ್‌ಟಿ ಮೊದಲಿನಂತೆ ಶೇ 5ರಲ್ಲೇ ಉಳಿಯಿತು, ಸಣ್ಣ ಪೆಟ್ರೋಲ್ ಕಾರಿನದು ಶೇ 18ಕ್ಕೆ ಇಳಿಯಿತು. ನಿಮ್ಮ ಕಾರಿನ ಎದುರಾಳಿ ಅಗ್ಗವಾಯಿತು, ನಿಮ್ಮದು ನಿಂತಲ್ಲೇ ನಿಂತಿತು. ಇನ್ನು 2016ರಿಂದ ಕರ್ನಾಟಕ ಕೊಟ್ಟ ಆಜೀವ ತೆರಿಗೆ ವಿನಾಯಿತಿಯೂ ನಿಮ್ಮ ಬೆಲೆ ಏರಿಸುವುದಿಲ್ಲ. ಹಳೆಯ ಪೆಟ್ರೋಲ್ ಕಾರಿನ ಬೆಲೆಯಲ್ಲಿ ಮೊದಲ ಮಾಲೀಕ ಕಟ್ಟಿದ ತೆರಿಗೆಯ ಉಳಿಕೆ ಸ್ವಲ್ಪ ಸೇರಿರುತ್ತದೆ. ನೀವು ಕಟ್ಟಿಯೇ ಇಲ್ಲ, ಕೇಳುವುದೇನನ್ನು?

ನೀವು ದಿನಕ್ಕೆ 40 ಕಿಲೋಮೀಟರ್ ಓಡಿಸುವವರಾದರೆ ಮಾರುವ ಯೋಚನೆ ಬಿಡಿ. ತಿಂಗಳಿಗೆ ಏಳು ಸಾವಿರದಷ್ಟು ಉಳಿಸುವ ಗಾಡಿಯನ್ನು ಅರ್ಧ ಬೆಲೆಗೆ ಕೊಟ್ಟು ಹೊಸ ಪೆಟ್ರೋಲ್ ಕಾರಿನ ಕಂತು ಕಟ್ಟುವುದು ಬುದ್ಧಿವಂತಿಕೆಯಲ್ಲ. ಮಾರಲೇಬೇಕಾದರೆ ಕಂಪನಿಯ ಸರ್ವಿಸ್ ಕೇಂದ್ರದಿಂದ ಬ್ಯಾಟರಿಯ ಆರೋಗ್ಯದ ವರದಿ ತೆಗೆಸಿ, ವಾರಂಟಿ ಮುಂದಿನ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಇರುತ್ತದೆ. ಆ ಎರಡು ಕಾಗದ ಇಲ್ಲದ ಎಲೆಕ್ಟ್ರಿಕ್ ಕಾರಿಗೆ ನಾನಾಗಿದ್ದರೂ ಕಡಿಮೆಯೇ ಬರೆಯುತ್ತಿದ್ದೆ.

ಅಂದ ಹಾಗೆ, ಸ್ವಂತ ಪಾರ್ಕಿಂಗ್ ಇದ್ದು ಊರೊಳಗೇ ಓಡಾಡುವವರು ಹಳೆಯ ಎಲೆಕ್ಟ್ರಿಕ್ ಕಾರನ್ನು ಈಗ ಹುಡುಕಬೇಕು. ಮೈಸೂರಿನ ಓದುಗರು ಕ್ಷಮಿಸಲಿ.

ಬೆಂಗಳೂರಿನಿಂದ ಸಿಎನ್‌ಜಿ ಕಾರು ತಂದೆ. ಊರಿನಲ್ಲಿ ಯಾರೂ ಮೂಸುತ್ತಿಲ್ಲ.
— ಅಂಗಡಿ ಮಾಲೀಕರು, ಚಿಕ್ಕಮಗಳೂರು ಜಿಲ್ಲೆ

ಬೆಂಗಳೂರಿನಲ್ಲೇ ಮಾರಿ. ಸಿಎನ್‌ಜಿ ಕಾರಿನ ಬೆಲೆ ಮನೆಯಿಂದ ಪಂಪಿಗಿರುವ ದೂರದ ಮೇಲೆ ನಿಂತಿದೆ. ಪಂಪು ಹತ್ತಿರವಿರುವ ಊರಿನಲ್ಲಿ ಅದು ಟ್ಯಾಕ್ಸಿಯವರ ಕಣ್ಮಣಿ. ಪಂಪಿಲ್ಲದ ಊರಿನಲ್ಲಿ ಡಿಕ್ಕಿ ತುಂಬ ಸಿಲಿಂಡರ್ ಹೊತ್ತ ಪೆಟ್ರೋಲ್ ಕಾರು. ಸಿಲಿಂಡರಿನ ಒತ್ತಡ ಪರೀಕ್ಷೆಯ ಪ್ರಮಾಣಪತ್ರವನ್ನು ಮರೆಯದೆ ಜೊತೆಗಿಡಿ.

ಕೊಲ್ಲಿಯಲ್ಲಿರುವ ತಮ್ಮ ಯುದ್ಧದ ಸುದ್ದಿ ಬಂದಾಗಲೆಲ್ಲ ಫೋನ್ ಮಾಡಿ, ಪೆಟ್ರೋಲ್ 150 ಆಗುತ್ತದೆ, ದೊಡ್ಡ ಎಸ್‌ಯುವಿ ಮಾರಿ ಸಣ್ಣ ಕಾರು ತೆಗೆದುಕೋ ಎನ್ನುತ್ತಾನೆ. ಮಾರಲೇ?
— ಉದ್ಯಮಿ, ಮಂಗಳೂರು

ತಮ್ಮನ ಮಾತನ್ನು ಅಮೆರಿಕನ್ನರು 2008ರಲ್ಲಿ ಕೇಳಿದ್ದರು. ಆ ಜುಲೈಯಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು, ಅಲ್ಲಿನ ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟಿತು. ದೈತ್ಯ ಎಸ್‌ಯುವಿ, ಪಿಕಪ್‌ಗಳನ್ನು ಹಳೆಯ ಕಾರಿನ ವ್ಯಾಪಾರಿಗಳು ಮುಟ್ಟಲೂ ಹಿಂಜರಿದರು. ಜನರಲ್ ಮೋಟರ್ಸ್ ನಾಲ್ಕು ಕಾರ್ಖಾನೆ ಮುಚ್ಚುವುದಾಗಿ ಜೂನ್‌ನಲ್ಲೇ ಹೇಳಿತ್ತು. ಕಡಿಮೆ ಪೆಟ್ರೋಲ್ ಕುಡಿಯುವ ಹೈಬ್ರಿಡ್ ಕಾರು ಟೊಯೊಟಾ ಪ್ರಿಯಸ್‌ಗೆ ಕಾಯುವ ಪಟ್ಟಿ ಬೆಳೆದು, ಮಿಸಿಸಿಪಿಯಲ್ಲಿ ಕಟ್ಟುತ್ತಿದ್ದ ಹೊಸ ಕಾರ್ಖಾನೆಯಲ್ಲಿ ಪ್ರಿಯಸ್ ತಯಾರಿಸುತ್ತೇವೆ ಎಂದು ಟೊಯೊಟಾ ಜುಲೈನಲ್ಲಿ ಪ್ರಕಟಿಸಿತು. ಡಿಸೆಂಬರ್ ಹೊತ್ತಿಗೆ ಆರ್ಥಿಕ ಕುಸಿತ ಬಂದು ಪೆಟ್ರೋಲ್ 2 ಡಾಲರಿಗಿಂತ ಕೆಳಗಿಳಿದಿತ್ತು. ಆ ಕಾರ್ಖಾನೆಯ ಕೆಲಸವನ್ನೇ ಟೊಯೊಟಾ ನಿಲ್ಲಿಸಿತು. ಕೊನೆಗೆ 2011ರಲ್ಲಿ ಅಲ್ಲಿಂದ ಹೊರಬಂದದ್ದು ಕೊರೊಲ್ಲಾ. ಬೇಸಿಗೆಯಲ್ಲಿ ದೊಡ್ಡ ಗಾಡಿಯನ್ನು ಸಿಕ್ಕ ಬೆಲೆಗೆ ಮಾರಿ, ಸಣ್ಣದನ್ನು ಕೇಳಿದ ಬೆಲೆಗೆ ಕೊಂಡವರು ಎರಡೂ ಕಡೆ ಕಳೆದುಕೊಂಡರು. ಕಂಪನಿಗಳೇ ಬೇಸಿಗೆಯ ಬೆಲೆ ನೋಡಿ ಚಳಿಗಾಲದಲ್ಲಿ ಪೇಚಿಗೆ ಸಿಲುಕುವಾಗ ನಿಮ್ಮ ತಮ್ಮನನ್ನು ದೂರುವುದು ತರವಲ್ಲ.

ನಮ್ಮಲ್ಲಂತೂ ಅಷ್ಟೂ ಆಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ 111 ರೂಪಾಯಿ ಮುಟ್ಟಿ, ಮೇ ತಿಂಗಳಲ್ಲಿ ಕೇಂದ್ರ ಸುಂಕ ಇಳಿಸಿದ ಮೇಲೆ 102ರ ಹತ್ತಿರ ಬಂತು. ಆ ಇಡೀ ಅವಧಿಯಲ್ಲಿ ಎಸ್‌ಯುವಿ ಬೇಡಿಕೆ ಏರುತ್ತಲೇ ಹೋಗಿ, ಎರಡೇ ವರ್ಷದಲ್ಲಿ ಪ್ರಯಾಣಿಕ ವಾಹನ ಮಾರಾಟದ ಅರ್ಧವನ್ನು ದಾಟಿತು. ಪೆಟ್ಟು ಬಿದ್ದದ್ದು ಅಗ್ಗದ ಸಣ್ಣ ಕಾರುಗಳಿಗೆ. ಹತ್ತು ಹದಿನೈದು ಲಕ್ಷ ಕೊಡುವವನಿಗೆ ಲೀಟರಿಗೆ ಹತ್ತು ರೂಪಾಯಿ ಏರಿದರೆ ಕೋಪ ಬರುತ್ತದೆ, ನಿರ್ಧಾರ ಬದಲಾಗುವುದಿಲ್ಲ. ಮೊಪೆಡ್‌ನಿಂದ ಕಾರಿಗೆ ಏರಬೇಕೆಂದಿದ್ದವನು ಮಾತ್ರ ಅದೇ ಹತ್ತು ರೂಪಾಯಿಗೆ ಹಿಂದೆ ಸರಿಯುತ್ತಾನೆ. ಇಂಧನದ ಬೆಲೆ ದೊಡ್ಡ ಗಾಡಿಯನ್ನು ಹೊಡೆಯುತ್ತದೆ ಎಂಬುದು ಅಮೆರಿಕದ ಪಾಠ. ನಮ್ಮ ಮಾರುಕಟ್ಟೆಯಲ್ಲಿ ಅದು ತಳದವರನ್ನು ಹೊಡೆಯುತ್ತದೆ.

ಮಾರಬೇಕೆಂದಿದ್ದರೆ ಸುದ್ದಿ ತಣ್ಣಗಿರುವ ತಿಂಗಳಲ್ಲಿ ಮಾರಿ. ತಮ್ಮ ಫೋನ್ ಮಾಡಿದ ವಾರ ಬೇಡ.

ಎಥೆನಾಲ್ ಬೆರೆಸಿದ ಪೆಟ್ರೋಲ್‌ನಿಂದ ನನ್ನ 2015ರ ಕಾರಿನ ಮರುಮಾರಾಟ ಬೆಲೆ ಬೀಳುತ್ತದೆಯೇ?
— ಗೃಹಿಣಿ, ಮಂಡ್ಯ

ಸ್ವಲ್ಪ ಬೀಳುತ್ತದೆ, ನಷ್ಟಕ್ಕಿಂತ ಹೆಚ್ಚಾಗಿ ಅನುಮಾನದಿಂದ. ಇದರ ನೀಲನಕ್ಷೆಯಾಗಿದ್ದ 2021ರ ಸರ್ಕಾರಿ ವರದಿಯ ಪ್ರಕಾರ, ಶೇ 20 ಎಥೆನಾಲ್‌ನಿಂದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇ 6–7ರಷ್ಟು, ಇತ್ತೀಚಿನವುಗಳಲ್ಲಿ ಶೇ 1–2ರಷ್ಟು ಇಳಿಯಬಹುದು. ಲೀಟರಿಗೆ 15 ಕೊಡುತ್ತಿದ್ದ ಹಳೆಯ ಕಾರು 14 ಕೊಡುತ್ತದೆ. ನಿಮ್ಮ ಜಿಲ್ಲೆಯ ಕಬ್ಬಿಗೆ ಇದರಿಂದ ಬೇಡಿಕೆ ಬಂದರೆ ಸಂತೋಷ, ಆದರೆ ಕಾರಿನವರ ಜೇಬಿನಿಂದ ಹೋದದ್ದನ್ನು ಯಾರೂ ಬಿಲ್‌ನಲ್ಲಿ ತೋರಿಸುವುದಿಲ್ಲ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಈ ಪೆಟ್ರೋಲ್‌ಗೆ ಒಗ್ಗುವ ಪೈಪು, ಸೀಲುಗಳಿರುತ್ತವೆ. ಹಳೆಯ ಕಾರು ಕೊಳ್ಳುವವರು ಆ ತಿಂಗಳನ್ನೇ ಗೆರೆಯಾಗಿ ಹಿಡಿದು ಚೌಕಾಸಿ ಮಾಡಲು ಶುರುಮಾಡಿದ್ದಾರೆ. ಇಂಧನದ ರಬ್ಬರ್ ಪೈಪುಗಳನ್ನು ಒಮ್ಮೆ ಬದಲಿಸಿ ರಸೀದಿ ಇಟ್ಟುಕೊಳ್ಳಿ. ಮಾರುವಾಗ ಆ ರಸೀದಿಯನ್ನು ಆರ್‌ಸಿ ಜೊತೆಗೇ ಮೇಜಿನ ಮೇಲಿಡಿ, ಗಿರಾಕಿ ಕೇಳುವ ಮೊದಲೇ.